ಕೂಗುವುದು ಸುಲಭ, ಕೇಳಿಸಿಕೊಳ್ಳುವುದೇ ಕಷ್ಟ: ಅಡಿಕೆ ತೋಟದಲ್ಲಿ ಲೋ ಬ್ಯಾಂಡ್ ಕಾಂಟೆಸ್ಟ್

ನವೆಂಬರ್ ಕೊನೆ ಅಂದರೆ ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲಿನ ಭರಾಟೆ. ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ, ಸಿಕ್ಯೂ ವರ್ಲ್ಡ್ ವೈಡ್ ಮೋರ್ಸ್ ಕಾಂಟೆಸ್ಟ್ ಬರುವುದೂ ಅದೇ ತಿಂಗಳ ಕೊನೆಯ ಶನಿವಾರ, ಭಾನುವಾರ. ಎರಡನ್ನೂ ಬಿಡುವ ಹಾಗಿಲ್ಲ. ಪುಣ್ಯಕ್ಕೆ ನನಗೆ ಇಷ್ಟವಾದ ಲೋ ಬ್ಯಾಂಡುಗಳು, ಅಂದರೆ ತರಂಗದ ಉದ್ದ 40, 80, 160 ಮೀಟರ್ ಇರುವವು, ರಾತ್ರಿಯವು. ಹಗಲಲ್ಲಿ ಬಿಸಿಲಿಗೆ ಆಕಾಶದಲ್ಲಿ ಹುಟ್ಟುವ ಡಿ ಪದರ ಈ ಸಿಗ್ನಲ್‌ಗಳನ್ನು ನುಂಗಿಹಾಕುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ, ದೂರದ ದೇಶಗಳು ಕೇಳಲು ಶುರುವಾಗುತ್ತವೆ. ಹಾಗಾಗಿ ಹಗಲು ಕೊಯ್ಲು, ರಾತ್ರಿ ರೇಡಿಯೋ. ನಿದ್ದೆ ಸೋಮವಾರ.

ಗೊತ್ತಿಲ್ಲದವರಿಗೆ ಆಟದ ನಿಯಮ ಚಿಕ್ಕದಾಗಿ ಹೇಳಿಬಿಡುತ್ತೇನೆ. 48 ಗಂಟೆಯಲ್ಲಿ ಆದಷ್ಟು ಜಾಸ್ತಿ ಹ್ಯಾಮ್‌ಗಳನ್ನು ಮಾತಾಡಿಸಬೇಕು. ಬೇರೆ ಖಂಡದವರು ಸಿಕ್ಕರೆ 3 ಅಂಕ, ಏಷ್ಯಾದ ಬೇರೆ ದೇಶವಾದರೆ 1, ನಮ್ಮ ದೇಶದವರೇ ಆದರೆ ಸೊನ್ನೆ. ಪ್ರತಿ ಬ್ಯಾಂಡಿನಲ್ಲೂ ಸಿಕ್ಕ ದೇಶಗಳು ಮತ್ತು ವಲಯಗಳ (ಕಾಂಟೆಸ್ಟಿಗಾಗಿ ಜಗತ್ತನ್ನು ಹಂಚಿದ ಭಾಗಗಳು) ಸಂಖ್ಯೆಯಿಂದ ಆ ಅಂಕವನ್ನು ಗುಣಿಸುತ್ತಾರೆ. ಭಾರತ ಇರುವುದು 22ನೇ ವಲಯದಲ್ಲಿ; ಶ್ರೀಲಂಕಾ, ಮಾಲ್ಡೀವ್ಸ್ ಕೂಡ ಅಲ್ಲೇ. ಈ ವಲಯದಿಂದ ಲೋ ಬ್ಯಾಂಡಿನಲ್ಲಿ ಕೂಗುವವರು ಕಡಿಮೆ. ಯುರೋಪಿನವರಿಗೆ, ಅಮೆರಿಕದವರಿಗೆ ನಾವು ಬೇಕು. ನಾವು ಒಂದು ಸಲ ಕರೆದರೆ ಸಾಕು, ಮುಗಿಬೀಳುತ್ತಾರೆ. ಕಷ್ಟ ಇರುವುದು ಆಮೇಲೆ: ಮುಗಿಬಿದ್ದವರು ನಮಗೆ ಕೇಳಿಸಬೇಕಲ್ಲ!

ನನ್ನ ರಿಗ್, ಅಂದರೆ ರೇಡಿಯೋ ಸೆಟ್, 100 ವ್ಯಾಟಿನದು. ಆಂಪ್ಲಿಫಯರ್ ತಗೊಳ್ಳಿ ಅಂತ ಹೇಳುವವರು ಬಹಳ ಜನ. 100ರಿಂದ 400 ವ್ಯಾಟಿಗೆ ಹೋದರೆ ಸಿಗುವುದು 6 ಡಿಬಿ (ಡೆಸಿಬೆಲ್), ಅಂದರೆ ಆಚೆಯವರ ಸಿಗ್ನಲ್ ಮೀಟರಿನಲ್ಲಿ ಒಂದೇ ಒಂದು ಗೆರೆ, ಎಸ್-ಯುನಿಟ್. ಆ ದುಡ್ಡನ್ನು ನಾನು ನೆಲಕ್ಕೆ ಮತ್ತು ಕಿವಿಗೆ ಹಾಕಿದೆ.

ಮೊದಲು ನೆಲದ ಕಥೆ. 40 ಮೀಟರಿಗೆ ಎಲ್ಲರೂ ಶುರುಮಾಡುವುದು ಡೈಪೋಲಿನಿಂದ, ಅಂದರೆ ನಡುವೆ ಕೇಬಲ್ ಸೇರಿಸಿದ ಅಡ್ಡ ತಂತಿಯಿಂದ, ಉದ್ದ ಸುಮಾರು 20 ಮೀಟರ್. ಅದನ್ನು ಹತ್ತು ಮೀಟರ್ ಎತ್ತರದಲ್ಲಿ ಕಟ್ಟಿದರೆ ಹೈದರಾಬಾದು, ಕೊಚ್ಚಿ ಚೆನ್ನಾಗಿ ಬರುತ್ತವೆ, ಏಕೆಂದರೆ ಸಿಗ್ನಲ್ ಹೆಚ್ಚಾಗಿ ನೆತ್ತಿಯ ಕಡೆಗೆ ಹೋಗಿ ಹತ್ತಿರದಲ್ಲೇ ಇಳಿಯುತ್ತದೆ. ಆದರೆ ಕೊಚ್ಚಿಗೆ ಈ ಕಾಂಟೆಸ್ಟಿನಲ್ಲಿ ಅಂಕ ಇಲ್ಲ! ದೂರಕ್ಕೆ ಹೋಗಬೇಕಾದರೆ ಸಿಗ್ನಲ್ ದಿಗಂತದ ಹತ್ತಿರ, ತಗ್ಗಿದ ಕೋನದಲ್ಲಿ ಹೊರಡಬೇಕು. 80 ಮೀಟರಿನಲ್ಲಿ ಡೈಪೋಲಿನಿಂದ ಅದನ್ನು ಮಾಡಿಸಲು 40 ಮೀಟರ್ ಎತ್ತರದ ಟವರ್ ಬೇಕು. ಅಡಿಕೆ ಮರ ಅಷ್ಟು ಎತ್ತರ ಬೆಳೆಯುವುದಿಲ್ಲ. ಹಾಗಾಗಿ ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ ಆಂಟೆನಾ.

ತೋಟದ ಅಂಚಿನ ಸಿಲ್ವರ್ ಓಕ್ ಮರದ ಎತ್ತರದ ಕೊಂಬೆಗೆ ನೈಲಾನ್ ದಾರ ದಾಟಿಸಿ, ಅದರಿಂದ ತಂತಿ ಇಳಿಬಿಟ್ಟೆ. ದಾರ ದಾಟಿಸಲು ಕವಣೆ, ಬಿಲ್ಲು ಎಂದೆಲ್ಲ ಹ್ಯಾಮ್‌ಗಳು ಒದ್ದಾಡುತ್ತಾರೆ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವ ದೋಟಿ ಇದೆಯಲ್ಲ, ಈಗ ಬಂದಿರುವ ಕಾರ್ಬನ್ ಫೈಬರಿನದು, ಅರವತ್ತು ಅಡಿ ಬಿಚ್ಚಿಕೊಳ್ಳುತ್ತದೆ. ಕೊನೆಗೌಡನ ಕೈಗೆ ದಾರ ಕೊಟ್ಟರೆ ಬೀಡಿ ಆರುವುದರೊಳಗೆ ಕೆಲಸ ಮುಗಿದಿರುತ್ತದೆ. ಎರಡು ಎಚ್ಚರಿಕೆ: ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಕಂಬದ ಆಸುಪಾಸಿನಲ್ಲಿ ದೋಟಿ ಎತ್ತಲೇಬೇಡಿ. ಅದೇ ಕಾರಣಕ್ಕೆ ಅದನ್ನು ಆಂಟೆನಾದ ಕಂಬವಾಗಿಯೂ ಬಳಸಬೇಡಿ. ಅದಕ್ಕೆ ಫೈಬರ್ ಗ್ಲಾಸ್ ಕೋಲು ಅಥವಾ ಮರವೇ ಸರಿ.

40 ಮೀಟರಿಗೆ 10.2 ಮೀಟರ್ ತಂತಿ ನೇರ ಮೇಲಕ್ಕೆ. 80ಕ್ಕೆ ಇನ್ವರ್ಟೆಡ್ ಎಲ್: 12 ಮೀಟರ್ ಮೇಲಕ್ಕೆ, ಉಳಿದ ಎಂಟು ಚಿಲ್ಲರೆ ಮೀಟರ್ ಅಡ್ಡಕ್ಕೆ. 160ಕ್ಕೂ ಅದೇ ಉಪಾಯ, ಒಟ್ಟು ಉದ್ದ ಸುಮಾರು 39 ಮೀಟರ್.

ಇಂಥ ಆಂಟೆನಾದ ಅರ್ಧ ಭಾಗ ನೆಲದಲ್ಲಿ ಇರುತ್ತದೆ. ನಮ್ಮದು ಜಂಬಿಟ್ಟಿಗೆ ನೆಲ, ರೇಡಿಯೋ ಲೆಕ್ಕದಲ್ಲಿ ಬಡ ನೆಲ. ಅದಕ್ಕೇ ಬುಡದಿಂದ ಸುತ್ತಲೂ ರೇಡಿಯಲ್ ತಂತಿ ಹಾಸಬೇಕು. ಇಲ್ಲಿ ಎಸ್‌ಡಬ್ಲ್ಯೂಆರ್ ಮೀಟರ್ (ಕೇಬಲಿಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಎಂದು ತೋರಿಸುವುದು; 1 ಅಂದರೆ ಪೂರ್ತಿ ಹೊಂದಿಕೆ) ಚೆನ್ನಾಗಿ ದಾರಿ ತಪ್ಪಿಸುತ್ತದೆ. ನಾಲ್ಕೇ ರೇಡಿಯಲ್ ಹಾಕಿ ನೋಡಿದಾಗ ಎಸ್‌ಡಬ್ಲ್ಯೂಆರ್ 1.3 ತೋರಿಸಿತು. ಹದಿನಾರು ಹಾಕಿದೆ, 1ಕ್ಕೆ ಇಳಿಯಿತು. ಮೂವತ್ತೆರಡು ಹಾಕಿದಾಗ ಮತ್ತೆ 1.2ಕ್ಕೆ ಏರಿತು. ಕೆಟ್ಟಿತಾ? ಇಲ್ಲ, ಇದೇ ಸರಿ. ಒಳ್ಳೆಯ ನೆಲದ ಮೇಲಿನ ಕಾಲು ತರಂಗದ ವರ್ಟಿಕಲ್ ತೋರಿಸುವುದು 36 ಓಮ್ ಆಸುಪಾಸು, ಅಂದರೆ 50 ಓಮ್ ಕೇಬಲಿಗೆ 1.4. ನೆಲದಲ್ಲಿ 14 ಓಮ್ ನಷ್ಟವಾದರೆ ಒಟ್ಟು 50 ಆಗಿ ಮೀಟರು ಅಂದವಾಗಿ 1 ತೋರಿಸುತ್ತದೆ, ಆದರೆ ಕಾಲು ಭಾಗಕ್ಕಿಂತ ಜಾಸ್ತಿ ಶಕ್ತಿ ಎರೆಹುಳುಗಳನ್ನು ಬೆಚ್ಚಗಿಡಲು ಹೋಗುತ್ತಿರುತ್ತದೆ. ಎಸ್‌ಡಬ್ಲ್ಯೂಆರ್ 1 ಬಂತು ಅಂತ ಪೇಡೆ ಹಂಚುವವರಿಗೆ ನಾನು ಮೊದಲು ಕೇಳುವುದು ಎಷ್ಟು ರೇಡಿಯಲ್ ಹಾಕಿದ್ದೀರಿ ಅಂತ.

ರೇಡಿಯಲ್‌ಗೆ ದುಬಾರಿ ತಂತಿ ಬೇಡ. ಸಬ್‌ಮರ್ಸಿಬಲ್ ಪಂಪಿನ ಮೋಟಾರ್ ರಿಪೇರಿ ಮಾಡುವ ವೈಂಡಿಂಗ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಬಿಚ್ಚಿದ ಹಳೆಯದಾದರೆ ಇನ್ನೂ ಅಗ್ಗ. ಉದ್ದನೆಯವು ನಾಲ್ಕು ಹಾಕುವುದಕ್ಕಿಂತ ಹತ್ತು ಮೀಟರಿನವು ಹಲವು ಹಾಕುವುದು ಒಳ್ಳೆಯದು. ಮಣ್ಣಿನಲ್ಲಿ ಆಳಕ್ಕೆ ಹೂಳಬೇಕಿಲ್ಲ. ನೆಲದ ಮೇಲೆ ಹಾಸಿ ದರಗು (ಒಣಗಿದ ಎಲೆ) ಮುಚ್ಚಿದರೆ ಸಾಕು, ಕಳೆ ಕೊಚ್ಚುವ ಯಂತ್ರ ಓಡಿಸುವವರಿಗೆ ಮಾತ್ರ ಮೊದಲೇ ಹೇಳಿಡಿ.

ಇನ್ನು ಕಿವಿ. ಹಳ್ಳಿ ಅಂದರೆ ಗದ್ದಲ ಇಲ್ಲ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ಕೇಳಿದ ಮೊದಲ ರಾತ್ರಿ 80 ಮೀಟರಿನಲ್ಲಿ ಟಕ್, ಟಕ್, ಟಕ್. ಸೆಕೆಂಡಿಗೆ ಒಂದರ ಹಾಗೆ, ಗಡಿಯಾರ ಹೊಡೆದಂತೆ. ಅದು ಹಂದಿ ಕಾಟಕ್ಕೆ ಪಕ್ಕದ ತೋಟದವರು ಹಾಕಿದ ಸೋಲಾರ್ ಬೇಲಿ. ಬೇಲಿ ತನ್ನಷ್ಟಕ್ಕೆ ಇದ್ದರೆ ಅಷ್ಟು ತೊಂದರೆ ಕೊಡುವುದಿಲ್ಲ. ಹುಲ್ಲು ಬೆಳೆದು ತಂತಿಗೆ ತಾಗಿದಾಗ ಅಲ್ಲಿ ಕಿಡಿ ಹಾರುತ್ತದೆ, ಆ ಕಿಡಿಯೇ ಟ್ರಾನ್ಸ್‌ಮಿಟರ್. ಹಳೇ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವಿನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟು ಬೇಲಿಯುದ್ದಕ್ಕೂ ನಡೆದೆ. ಟಕ್ ಶಬ್ದ ಜೋರಾದಲ್ಲೆಲ್ಲ ಹುಲ್ಲು ತಾಗಿತ್ತು. "ಹುಲ್ಲು ಸವರಿಸಿ ಕೊಡ್ತೀನಿ ಮಾರಾಯ್ರೆ, ನಿಮ್ಮ ಬೇಲಿಯ ಬ್ಯಾಟ್ರಿನೂ ಉಳಿಯುತ್ತೆ" ಅಂದೆ. ಅವರಿಗೂ ಖುಷಿ. ಈಗ ಪ್ರತಿ ವರ್ಷ ಕಾಂಟೆಸ್ಟಿಗೆ ಮುಂಚೆ ಹುಲ್ಲು ಸವರುವುದು ನನ್ನ ಬಾಬ್ತು.

ಮನೆಯೊಳಗಿನ ಗದ್ದಲ ಹುಡುಕುವುದು ಸುಲಭ. ರಿಗ್ಗನ್ನು ಬ್ಯಾಟರಿಯಿಂದ ಓಡಿಸಿ, ಮೇನ್ ಸ್ವಿಚ್ ಆಫ್ ಮಾಡಿ. ಗದ್ದಲ ಇಳಿದರೆ ಕಳ್ಳ ಮನೆಯಲ್ಲೇ ಇದ್ದಾನೆ. ನಮ್ಮಲ್ಲಿ ಸಿಕ್ಕವು ವೈಫೈ ಪೆಟ್ಟಿಗೆಯ ಅಡಾಪ್ಟರು ಮತ್ತು ಜಗಲಿಯ ಅಗ್ಗದ ಎಲ್‌ಇಡಿ ಬಲ್ಬು. ಬಲ್ಬು ಬದಲಿಸಿದೆ, ಅಡಾಪ್ಟರಿನ ವಯರನ್ನು ಗದ್ದಲ ತಡೆಯುವ ಫೆರೈಟ್ ಬಳೆಗೆ ಸುತ್ತಿದೆ. ಲೋ ಬ್ಯಾಂಡಿಗೆ 31 ನಂಬರಿನ ಫೆರೈಟ್ ಒಳ್ಳೆಯದು. ಆಂಟೆನಾ ಕೇಬಲ್ಲಿಗೂ ಅಂಥದ್ದೇ ಒಂದು ಬೇಕು, ಇಲ್ಲದಿದ್ದರೆ ಕೇಬಲಿನ ಹೊರಮೈ ಮನೆಯ ಗದ್ದಲವನ್ನೆಲ್ಲ ಹೊತ್ತು ಆಂಟೆನಾದವರೆಗೆ ಒಯ್ಯುತ್ತದೆ.

ಇಷ್ಟಾದ ಮೇಲೂ ವರ್ಟಿಕಲ್ ಎಲ್ಲ ದಿಕ್ಕಿನ ಗದ್ದಲ ಹಿಡಿಯುತ್ತದೆ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅಲ್ಲಿನ ಸಿಡಿಲು ಇಲ್ಲಿ ಪಟಪಟ ಅನ್ನುತ್ತದೆ. ಇದಕ್ಕೆ ಮದ್ದು ಒಂದೇ ದಿಕ್ಕಿಗೆ ಕಿವಿಗೊಡುವ ಬೆವರೇಜ್ ಆಂಟೆನಾ. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬೆವರೇಜ್ ಕಂಡುಹಿಡಿದದ್ದು. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಸ್ಕಾಟ್ಲೆಂಡಿನ ಆರ್ಡ್ರೋಸನ್‌ನಲ್ಲಿ ಡೇರೆ ಹಾಕಿ ಕೂತು, ಅಮೆರಿಕದ ಹವ್ಯಾಸಿಗಳ ಸಿಗ್ನಲ್ ಅಟ್ಲಾಂಟಿಕ್ ದಾಟಿ ಬಂದದ್ದನ್ನು ಹಿಡಿದದ್ದು ಇದೇ ಆಂಟೆನಾದಲ್ಲಿ.

ಮಾಡುವುದು ಏನೂ ದೊಡ್ಡದಲ್ಲ, ಜಾಗ ಮಾತ್ರ ಬೇಕು. ನನ್ನದು 170 ಮೀಟರ್ ತಂತಿ, ನೆಲದಿಂದ ಎರಡು ಮೀಟರ್ ಮೇಲೆ, ವಾಯವ್ಯದಿಂದ ಸ್ವಲ್ಪ ಉತ್ತರಕ್ಕೆ ವಾಲಿದ ದಿಕ್ಕಿಗೆ. ಯುರೋಪು ವಾಯವ್ಯದಲ್ಲಿ, ಅಮೆರಿಕದ ಪೂರ್ವ ಕರಾವಳಿ ಅದಕ್ಕಿಂತ ಸ್ವಲ್ಪ ಉತ್ತರಕ್ಕೆ. ಎರಡೂ ಇದರ ಹಿಡಿತಕ್ಕೆ ಬರುತ್ತವೆ. ದೂರದ ತುದಿಯಲ್ಲಿ 470 ಓಮಿನ ರೆಸಿಸ್ಟರ್ ಮತ್ತು ನೆಲಕ್ಕೆ ಹೊಡೆದ ತಾಮ್ರದ ಸರಳು. ಮನೆಯ ಕಡೆಯ ತುದಿಯಲ್ಲಿ 9:1 ಟ್ರಾನ್ಸ್‌ಫಾರ್ಮರ್, ಅಲ್ಲಿಂದ ರಿಗ್ಗಿನ ರಿಸೀವ್ ಆಂಟೆನಾ ಸಾಕೆಟ್ಟಿಗೆ ಕೇಬಲ್. ಮಜಾ ಏನೆಂದರೆ, ವರ್ಟಿಕಲ್‌ಗೆ ಆಗಿಬರದ ಜಂಬಿಟ್ಟಿಗೆ ನೆಲ ಇದಕ್ಕೆ ವರ. ಬಡ ನೆಲದ ಮೇಲೆ ಬರುವ ಅಲೆ ಮುಂದಕ್ಕೆ ವಾಲುತ್ತದೆ, ಆ ವಾಲಿಕೆಯಿಂದಲೇ ಅಡ್ಡ ತಂತಿಯಲ್ಲಿ ಸಿಗ್ನಲ್ ಹುಟ್ಟುವುದು.

ವರ್ಟಿಕಲ್‌ನಲ್ಲಿ ಕೇಳುವಾಗ ಮೀಟರ್ ಎಸ್7ರಲ್ಲೇ ಕೂತಿರುತ್ತದೆ. ಬೆವರೇಜಿಗೆ ಬದಲಿಸಿದರೆ ಸೂಜಿ ಸೊನ್ನೆಯ ಹತ್ತಿರ ಬೀಳುತ್ತದೆ, ರೇಡಿಯೋ ಕೆಟ್ಟಿತೇನೋ ಅನಿಸುತ್ತದೆ. ಸಿಗ್ನಲ್ಲೂ ಇಳಿದಿರುತ್ತದೆ. ಆದರೆ ಗದ್ದಲ ಅದಕ್ಕಿಂತ ಜಾಸ್ತಿ ಇಳಿದಿರುತ್ತದೆ. ಮೊದಲು ಬರೀ ಸ್ವರ ಇದ್ದ ಕಡೆ ಈಗ ಅಕ್ಷರಗಳು. ಒಂದೇ ತಕರಾರು ಮಂಗಗಳದ್ದು. ಅಡ್ಡ ತಂತಿ ಕಂಡರೆ ಜೋತಾಡದೆ ಹೋಗುವುದಿಲ್ಲ. ಹಾಗಾಗಿ ಇದನ್ನು ಕಾಂಟೆಸ್ಟಿನ ವಾರವಷ್ಟೇ ಕಟ್ಟುತ್ತೇನೆ.

ಕಾಂಟೆಸ್ಟ್ ಶುರುವಾಗುವುದು ನಮ್ಮ ಶನಿವಾರ ಬೆಳಿಗ್ಗೆ 5:30ಕ್ಕೆ. ನಮ್ಮಲ್ಲಿ ಸೂರ್ಯ ಹುಟ್ಟುವುದು 6:35ರ ಸುಮಾರಿಗೆ. ಕ್ಯಾಲಿಫೋರ್ನಿಯಾದಲ್ಲಿ ಮುಳುಗುವುದೂ ಹತ್ತಿರ ಹತ್ತಿರ ಅದೇ ಹೊತ್ತಿಗೆ. ಎರಡೂ ತುದಿ ಮಬ್ಬಿನಲ್ಲಿರುವ ಆ ಒಂದು ಗಂಟೆಯಲ್ಲಿ ಭೂಮಿಯ ಆಚೆ ಬದಿಯಿಂದ 40 ಮೀಟರಿನಲ್ಲಿ ಕರೆ ಬರುತ್ತದೆ. ಹಾಗಾಗಿ ಶುರುವಿನಲ್ಲೇ ಆಕಳಿಸುತ್ತಾ ಕೂತರೆ ಹೋಯಿತು. ಸಂಜೆ 5:30ರಿಂದ ಒಂದು ಗಂಟೆ ಅಮೆರಿಕದ ಪೂರ್ವ ಭಾಗ, ಅಲ್ಲಿ ಆಗ ಬೆಳಗಾಗುತ್ತಿರುತ್ತದೆ. ರಾತ್ರಿ ಒಂಬತ್ತರ ಮೇಲೆ ಬೆಳಗಿನವರೆಗೂ ಯುರೋಪು. ಆಗ ಹುಡುಕಿಕೊಂಡು ಹೋಗುವುದಿಲ್ಲ, ಒಂದು ಖಾಲಿ ಜಾಗ ಹಿಡಿದು ನಾನೇ ಕರೆಯುತ್ತೇನೆ. ಬರುವ ಉತ್ತರಗಳಲ್ಲಿ ಅತಿ ಜೋರಿನದನ್ನು ಬಿಟ್ಟು ಅಂಚಿನಲ್ಲಿ ಒಂಟಿಯಾಗಿ ಕೇಳುವ ಸ್ವರ ಹಿಡಿದರೆ ಕೆಲಸ ಬೇಗ ಸಾಗುತ್ತದೆ. ಕಾಲ್‌ಸೈನಿನ (ಹ್ಯಾಮ್‌ನ ಗುರುತಿನ ಅಕ್ಷರಗಳು) ಮೊದಲ ಎರಡಕ್ಷರ ಸಿಕ್ಕರೆ ಅಷ್ಟನ್ನೇ ಕಳಿಸಿ ಉಳಿದದ್ದು ಕೇಳುತ್ತೇನೆ. ಸಿಕ್ಕ ಮೇಲೆ "5ಎನ್ಎನ್ 22" (599 ಎಂಬ ಸಿಗ್ನಲ್ ವರದಿಯ ಚುಟುಕು, ಜತೆಗೆ ನಮ್ಮ ವಲಯ), ಅವರದು ಬಂತು, ಮುಂದಿನವರು.

ಕಾಲ್‌ಸೈನ್ ಅರ್ಧ ಊಹಿಸಿ ಲಾಗಿಗೆ, ಅಂದರೆ ಸಂಪರ್ಕಗಳ ಪಟ್ಟಿಗೆ, ಹಾಕುವ ಚಪಲ ರಾತ್ರಿ ಮೂರು ಗಂಟೆಗೆ ಎಲ್ಲರಿಗೂ ಬರುತ್ತದೆ. ಸುಮ್ನೆ ಇನ್ನೊಂದು ಸಲ ಕೇಳಿಬಿಡಿ. ಲಾಗನ್ನು ಐದು ದಿನದೊಳಗೆ ಕಳಿಸಬೇಕು. ಅಲ್ಲಿ ಎಲ್ಲರ ಲಾಗುಗಳನ್ನೂ ಒಂದಕ್ಕೊಂದು ತಾಳೆ ನೋಡುತ್ತಾರೆ. ಕಾಲ್‌ಸೈನ್ ತಪ್ಪಿದ್ದರೆ ಆ ಅಂಕವೂ ಹೋಯಿತು, ಅದರ ಎರಡರಷ್ಟು ದಂಡವೂ ಬಿತ್ತು. ಲೋ ಬ್ಯಾಂಡಿನಲ್ಲಿ ಕಿವಿಗೆ ಹಾಕಿದ ತಂತಿ ವಸೂಲಾಗುವುದು ಇಲ್ಲೇ ಅಲ್ವಾ?

ಜನವರಿ ಕೊನೆಯಲ್ಲಿ 160 ಮೀಟರಿನದೇ ಪ್ರತ್ಯೇಕ ಮೋರ್ಸ್ ಕಾಂಟೆಸ್ಟ್ ಇದೆ. ಆ ಬ್ಯಾಂಡಿನಲ್ಲಿ ನನ್ನ ಇನ್ವರ್ಟೆಡ್ ಎಲ್ ಇನ್ನೂ ಬಡಕಲು. ಬಸಿಗಾಲುವೆಯ ತೇವದ ಕಡೆಗೆ ಇನ್ನೊಂದಷ್ಟು ರೇಡಿಯಲ್ ಹಾಸಬೇಕು. ವೈಂಡಿಂಗ್ ಅಂಗಡಿಯಲ್ಲಿ ಹಳೇ ತಂತಿಗೆ ಹೇಳಿಟ್ಟಿದ್ದೇನೆ.