ಡಿಕ್ಕಿಯಲ್ಲಿರೋ ಕಪ್ಪೆ: ದಾರೀಲಿ ಮಕ್ಕಳ ಅರ್ಜೆಂಟು, ನನ್ನ ಅನುಭವ

ಡೈಪರ್ ಬಿಡಿಸೋದು ಹೇಗೆ ಅಂತ ಇಲ್ಲಿ ಬರೀತಾ ಇಲ್ಲ, ಅದೆಲ್ಲ ನೀವೂ ಮಾಡಿರ್ತೀರ. ಮನೇಲಿ ಅಚ್ಚುಕಟ್ಟಾಗಿ ಹೋಗಿ ಕೂತ್ಕೊಳ್ಳೋ ಮಗು ನೆಲಮಂಗಲ ಟೋಲ್ ದಾಟಿದ ತಕ್ಷಣ "ಅಪ್ಪಾ, ಬಂತು" ಅಂದ್ರೆ ಏನ್ ಮಾಡೋದು, ಅಷ್ಟೇ ವಿಷಯ. ನಮ್ಮನೇಲಿ ಎರಡು, ಮಗಳಿಗೆ ನಾಲ್ಕೂವರೆ, ಮಗನಿಗೆ ಮೂರು ತುಂಬ್ತಾ ಇದೆ. ಹೆಂಡ್ತಿ ಆಸ್ಪತ್ರೇಲಿ ನರ್ಸು, ಶಿಫ್ಟ್ ಡ್ಯೂಟಿ, ರಜ ಸಿಗೋದು ಅಷ್ಟಕ್ಕಷ್ಟೆ, ಹಂಗಾಗಿ ಬೆಂಗಳೂರಿಂದ ಶಿವಮೊಗ್ಗಕ್ಕೆ ಅವಳ ತವರಿಗೆ ಎರಡನ್ನೂ ಕಟ್ಕೊಂಡು ಸುಮಾರು ಸಲ ನಾನೊಬ್ನೇ ಕಾರು ಓಡಿಸ್ಕೊಂಡು ಹೋಗ್ತೀನಿ. ಹೆಚ್ಚುಕಮ್ಮಿ ಮುನ್ನೂರು ಕಿಲೋಮೀಟರು, ಮಕ್ಕಳಿದ್ರೆ ಆರು ಗಂಟೆ ದಾರಿ ಎಂಟಾಗುತ್ತೆ.

ನಾನು ಮಾಡಿದ್ದು ಇಷ್ಟೇ. ದಾರೀಲಿ ಟಾಯ್ಲೆಟ್ ಹುಡುಕೋದು ಬಿಟ್ಟೆ, ಮಡಚೋ ಪಾಟಿ ಸೀಟನ್ನ (ಕಾಲಿರೋ ಪುಟ್ಟ ಟಾಯ್ಲೆಟ್ ಸೀಟು, ಒಳಗೆ ಕವರ್ ಹಾಕಿ ಮಗೂನ ಕೂರಿಸೋದು) ಡಿಕ್ಕೀಲಿ ಇಟ್ಕೊಂಡೆ, ಮತ್ತೆ ಆ ಸೀಟನ್ನ ಊರಿಗೆ ಹೊರಡೋ ಮೊದಲು ಒಂದೂವರೆ ಎರಡು ತಿಂಗಳು ಮನೇಲೇ ಬಳಸಿಸ್ದೆ. ಈ ಕೊನೇದನ್ನ ಯಾರೂ ಮಾಡಲ್ಲ. ತಗೋತಾರೆ, ಡಿಕ್ಕೀಲಿ ಹಾಕ್ತಾರೆ, ದಾರೀಲಿ ಮೊದಲನೇ ಸಲ ಬಿಚ್ಚಿ ಮಗೂನ ಕೂರಿಸ್ತಾರೆ, ಮಗು ಕಿರುಚುತ್ತೆ, "ದುಡ್ಡು ದಂಡ" ಅಂತ ಅಟ್ಟಕ್ಕೆ ಎಸೀತಾರೆ. ನಮ್ಮ ಅಪಾರ್ಟ್‌ಮೆಂಟಲ್ಲೇ ಹೀಗೆ ಅಟ್ಟ ಸೇರಿರೋವು ಮೂರೋ ನಾಲ್ಕೋ ಇವೆ, ಅದರಲ್ಲಿ ಒಂದನ್ನ ನಾನೇ ಇನ್ನೂರು ರೂಪಾಯಿಗೆ ಸ್ಪೇರ್ ಅಂತ ತಗೊಂಡೆ.

ಯಾರಿಗೂ ನಂಬಿಕೆ ಇರ್ಲಿಲ್ಲ. ಮೊದಲನೇ ಸಲ ಅತ್ತೆ ಮನೆ ಅಂಗಳದಲ್ಲಿ ಡಿಕ್ಕಿ ತೆಗೆದಾಗ ಅತ್ತೆ ಹೊರಗೆ ಬಂದು ನೋಡಿ "ಏನ್ ಅಳಿಯಂದ್ರೆ, ಕಕ್ಕಸ್ಸನ್ನೂ ಜೊತೇಲೇ ತಂದ್ರಾ" ಅಂದ್ರು, ಭಾವಮೈದ ಅದನ್ನ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ. ನಮ್ಮಮ್ಮನ ವಾದ ಬೇರೆ, "ನಿಮ್ಮನ್ನೆಲ್ಲ ರಸ್ತೆ ಪಕ್ಕ ಕಾಲ್ಮೇಲೆ ಕೂರಿಸ್ಕೊಂಡು ಶ್ಶ್ ಅಂದು ಬೆಳೆಸಿಲ್ವೇನೋ". ಬೆಳೆಸಿದಾರೆ, ಇಲ್ಲ ಅನ್ನಲ್ಲ. ಆದ್ರೆ ಆಗ ರಸ್ತೆ ಪಕ್ಕ ಅಂತ ಒಂದು ಇತ್ತು. ಈಗ ದೊಡ್ಡ ಹೈವೇಲಿ ಒಂದು ಕಡೆ ಲಾರಿ ಗಾಳಿಗೇ ಕಾರು ಅಲ್ಲಾಡುತ್ತೆ, ಇನ್ನೊಂದು ಕಡೆ ಕಬ್ಬಿಣದ ತಡೆ. ತಿಪಟೂರು ಕಡೆ ತೆಂಗಿನ ತೋಟ ಬೇಕಾದಷ್ಟಿದೆ, ಒಂದೆರಡು ಸಲ ನುಗ್ಗಿಯೂ ಇದೀನಿ, ತಂತಿ ಬೇಲಿ ಇಲ್ಲದಿದ್ರೆ ಕಟ್ಟಿರುವೆ ಇರುತ್ತೆ. ಕಟ್ಟಿರುವೆ ಕಚ್ಚಿಸ್ಕೊಂಡ ಮಗು ಮುಂದಿನ ಆರು ತಿಂಗಳು ಮಣ್ಣಿನ ಮೇಲೆ ಕೂರಲ್ಲ. ಮೇಲಾಗಿ ಮಗಳಿಗೆ ನಾಚಿಕೆ ಗೊತ್ತಾಗೋ ವಯಸ್ಸು.

ಅಪ್ಪಂದಿರಿಗೆ ಇನ್ನೊಂದು ಕಷ್ಟ ಇದೆ, ಅದನ್ನ ಅಮ್ಮಂದಿರು ಬರೆಯೋ ಟಿಪ್ಸಲ್ಲಿ ನೋಡೇ ಇಲ್ಲ. ಹೆಣ್ಣು ಮಗೂನ ಕರ್ಕೊಂಡು ಯಾವ ಬಾಗಿಲಿಗೆ ಹೋಗೋದು? ಲೇಡೀಸಿಗೆ ನಾನು ಹೋಗೋ ಹಾಗಿಲ್ಲ, ಜೆಂಟ್ಸಲ್ಲಿ ಸಾಲಾಗಿ ನಿಂತಿರ್ತಾರೆ, ನೆಲದ ಮೇಲೆ ಕಾಲಿಡೋಕಾಗಲ್ಲ. "ಕೊಡಿ ಅಣ್ಣ, ನಾನು ಕರ್ಕೊಂಡು ಹೋಗ್ತೀನಿ" ಅಂತ ಎಷ್ಟೋ ಜನ ಅಕ್ಕಂದಿರು ಕೇಳಿದಾರೆ, ಒಳ್ಳೇ ಮನಸ್ಸಿಂದಾನೇ, ಆದ್ರೂ ಗುರುತಿಲ್ಲದವರ ಕೈಗೆ ಮಗೂನ ಕೊಟ್ಟು ಬಾಗಿಲಾಚೆ ನಿಲ್ಲೋಕೆ ನನಗೆ ಮನಸ್ಸು ಬರಲ್ಲ. ಡಿಕ್ಕಿ ಐಡಿಯಾ ಹುಟ್ಟಿದ್ದೇ ಇದರಿಂದ. ನಮ್ದು ಚಿಕ್ಕ ಹ್ಯಾಚ್‌ಬ್ಯಾಕು, ಹಿಂದಿನ ಬಾಗಿಲು ಮೇಲಕ್ಕೆ ಎತ್ತಿದ್ರೆ ಸೂರಾಗುತ್ತೆ, ಮಳೆಗೂ ಸೈ. ಎರಡೂ ಕಡೆ ಹಳೇ ಲುಂಗಿ ಇಳಿಬಿಟ್ಟು ಬಟ್ಟೆ ಕ್ಲಿಪ್ ಹಾಕಿದ್ರೆ ಮರೆ ಆಯ್ತು. ಕಾರ್ ನಿಂತು ಮಗು ಕೂರೋವರೆಗೆ ಈಗ ಒಂದು ನಿಮಿಷವೂ ಹಿಡಿಯಲ್ಲ. ಭಾವಮೈದ ಟೈಮರ್ ಹಿಡ್ಕೊಂಡು ನೋಡಿದಾನೆ, ಸುಮ್ನೆ ಹೇಳ್ತಾ ಇಲ್ಲ.

ಇನ್ನು ದುಡ್ಡಿನ ಕಥೆ. ಮಡಚೋ ಸೀಟಿಗೆ ಆನ್‌ಲೈನಲ್ಲಿ ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟೆ. ಅದಕ್ಕಿಂತ ಮೊದಲು ಅಗ್ಗದ್ದೊಂದು ತಗೊಂಡಿದ್ದೆ, ಅದರ ಕಾಲು ಲಾಕ್ ಆಗ್ತಿರ್ಲಿಲ್ಲ, ಮಗ ಕೂತ ತಕ್ಷಣ ಅಗಲವಾಗಿ ಮಲಗಿಬಿಡೋದು, ಅದು ಗುಜರಿಗೆ ಹೋಯ್ತು. ಸೀಟಿನ ರೇಟಿಗಿಂತ ಹೊಡೆತ ಕೊಡೋದು ಅದರ ಒಳಗೆ ಹಾಕೋ ರೆಡಿಮೇಡ್ ಕವರು. ತಳದಲ್ಲಿ ಉಚ್ಚೆ ಹೀರ್ಕೊಳ್ಳೋ ಪ್ಯಾಡ್ ಇರೋದು ಒಂದಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ಬೀಳುತ್ತೆ. ಎರಡು ಮಕ್ಕಳು, ಹೋಗಿ ಬರೋ ದಾರಿ, ಲೆಕ್ಕ ಹಾಕಿ ನೋಡಿ, ಒಂದು ಟ್ರಿಪ್ಪಿಗೆ ಮುನ್ನೂರರ ಹತ್ರ ಸುಸ್ಸೂಗೇ ಹೋಗ್ತಿತ್ತು. ಆಮೇಲೆ ನಾನೇ ಮಾಡ್ಕೊಂಡೆ. ಕಸದ ಡಬ್ಬಕ್ಕೆ ಹಾಕೋ ಮೀಡಿಯಂ ಸೈಜ್ ಕವರು, ಅದರೊಳಗೆ ಅರ್ಧ ಕತ್ತರಿಸಿದ ಚಿಕ್ಕ ಡೈಪರು. ಮೂರ್ನಾಲ್ಕು ವರ್ಷದ ಮಗು ಒಂದು ಸಲಕ್ಕೆ ಹಿಡಿಯೋದು ಸುಮಾರು ನೂರೈವತ್ತು ನೂರೆಂಬತ್ತು ಎಂ.ಎಲ್. (ವಯಸ್ಸಿಗೆ ಎರಡು ಸೇರಿಸಿ ಮೂವತ್ತರಿಂದ ಗುಣಿಸಿ, ಮಕ್ಕಳ ಡಾಕ್ಟರುಗಳು ಹಾಕೋ ಅಂದಾಜು ಲೆಕ್ಕ), ದಾರೀಲಿ ಅಷ್ಟು ತುಂಬೋವರೆಗೆ ಕಾಯೋದೂ ಕಮ್ಮಿ, ಅರ್ಧ ಡೈಪರ್ ಸಾಕಾಗುತ್ತೆ. ಒಂದಕ್ಕೆ ಏಳೆಂಟು ರೂಪಾಯಿ ಬೀಳ್ತಾ ಇತ್ತು, ಈಗ ಡೈಪರ್ ಬದಲು ಬರೀ ಪ್ಯಾಡ್ ಹಾಕ್ತೀನಿ, ಇನ್ನೂ ಕಮ್ಮಿ. ಆ ಪ್ಯಾಡ್ ಸಗಟಲ್ಲಿ ಎಲ್ಲಿಂದ ತರ್ತೀನಿ ಅಂತ ಮಾತ್ರ ಕೇಳ್ಬೇಡಿ, ಅಲ್ಲಿ ಸ್ಟಾಕ್ ಇರೋದೇ ಸ್ವಲ್ಪ.

ಪ್ಯಾಡೊಳಗಿನ ಈ ಉಚ್ಚೆ ಹೀರ್ಕೊಳ್ಳೋ ಪುಡಿ ಹಿಂದೆ ನಾನು ಒಂದಷ್ಟು ದಿನ ಹುಚ್ಚು ಹಿಡಿದೋನ ಥರ ಓಡಾಡಿದೀನಿ. ಡೈಪರ್ ಒಳಗಿರೋದು ಸೋಡಿಯಂ ಪಾಲಿಅಕ್ರಿಲೇಟು. ಬರೀ ನೀರು ಹಾಕಿದ್ರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತೆ, ಆದ್ರೆ ಉಚ್ಚೇಲಿ ಉಪ್ಪಿದೆಯಲ್ಲ, ಅದಕ್ಕೆ ಹೀರೋದು ಅದರ ಒಂದು ಸಣ್ಣ ಪಾಲು ಅಷ್ಟೇ. ಟಿವಿ ಜಾಹೀರಾತಲ್ಲಿ ನೀಲಿ ನೀರು ಸುರಿಯೋದು ನೋಡಿ ಮರುಳಾಗ್ಬೇಡಿ, ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಟೆಸ್ಟ್ ಮಾಡಿ, ಆಗ ನಿಜ ಗೊತ್ತಾಗುತ್ತೆ. ಗಿಡದ ಕುಂಡಕ್ಕೆ ಹಾಕೋ ಹೈಡ್ರೋಜೆಲ್ ಹರಳು ಅಗ್ಗಕ್ಕೆ ಸಿಗುತ್ತೆ ಅಂತ ಕಾಲು ಕೇಜಿ ತರಿಸ್ದೆ. ಬೇಯಿಸಿದ ಸಬ್ಬಕ್ಕಿ ಥರ ಚೆನ್ನಾಗಿ ಉಬ್ಬುತ್ತೆ, ಆದ್ರೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ತಿರುವಿನಲ್ಲಿ ಕವರ್ ತುಳುಕಾಡಿ ಕಥೆ ಮುಗಿದಿರುತ್ತೆ. ಮಿಕ್ಕಿದ್ದನ್ನ ಹೆಂಡ್ತಿ ತುಳಸಿ ಕುಂಡಕ್ಕೆ ಹಾಕಿದಾಳೆ, ತುಳಸಿ ಜೋರಾಗಿದೆ. ಬಡಗಿ ಅಂಗಡಿಯ ಮರದ ಹೊಟ್ಟು ವಾಸನೆ ಹಿಡಿಯುತ್ತೆ, ನೀರು ಹಿಡಿಯಲ್ಲ. ಕಾಫಿ ಚರಟ ಒಣಗಿಸಿ ಎರಡು ಚಮಚ ಉದುರಿಸೋದು ಮಾತ್ರ ಗೆದ್ದಿರೋ ಪ್ರಯೋಗ, ಎರಡಕ್ಕೆ ಹೋದ್ಮೇಲೂ ಕಾರೊಳಗೆ ವಾಸನೆ ಇರಲ್ಲ. ಚೆನ್ನಾಗಿ ಒಣಗಿರ್ಬೇಕು, ಇಲ್ಲಾಂದ್ರೆ ಡಬ್ಬೀಲೇ ಬೂಷ್ಟು ಹಿಡಿಯುತ್ತೆ. ಅದರ ಜೊತೆ ಇನ್ನೊಂದು ಪುಡಿ ಸೇರಿಸ್ತೀನಿ, ಅಡುಗೆಮನೇಲೇ ಇರೋದು, ಊಹೆ ಮಾಡ್ಕೊಳ್ಳಿ.

ಮಗನಿಗೆ ಅಗಲ ಬಾಯಿ ಬಾಟ್ಲಿ ಸಾಕು ಅಂತ ಸುಮಾರು ಜನ ಹೇಳ್ತಾರೆ. ನಿಜ, ಸಾಕು. ಆದ್ರೆ ಬಾಟ್ಲಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ ಇಟ್ಟಿದ್ರೂ ಮಾವನವರು ನಮ್ಮ ಕಾರಲ್ಲಿ ನೀರು ಕುಡಿಯೋದನ್ನೇ ಬಿಟ್ಟುಬಿಟ್ರು, ಭದ್ರಾವತಿಗೆ ಹೋಗಿ ಬರೋಷ್ಟರಲ್ಲೂ ಸ್ವಂತ ಚೆಂಬು ಹಿಡ್ಕೊಂಡು ಕೂರ್ತಾರೆ. ಬಾಟ್ಲಿ ಬಂದ್ ಮಾಡ್ದೆ.

ಮನೇಲಿ ರೂಢಿ ಮಾಡಿಸೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕೆಲಸ ಆಗೋದೇ ಇದರಿಂದ. ಮೊದಲು ಸೀಟನ್ನ ಬಾತ್‌ರೂಮಲ್ಲೇ ಇಟ್ಟೆ. ಹಸಿರು ಬಣ್ಣ, ಕಾಲು ಚಾಚ್ಕೊಂಡು ಕೂರುತ್ತೆ, ಮಗಳು ಕಪ್ಪೆ ಅಂತ ಹೆಸರಿಟ್ಳು. ಸ್ಟಿಕ್ಕರ್ ಅಂಟಿಸೋಕೆ ಬಿಟ್ಟೆ. ದಿನಕ್ಕೊಂದು ಸಲ ಆದ್ರೂ ಅದರ ಮೇಲೆ. ಆಮೇಲೆ ಬಾಲ್ಕನಿಗೆ ಬಂತು, ಆಮೇಲೆ ಪಾರ್ಕಿಂಗಲ್ಲಿ ನಿಂತಿರೋ ಕಾರಿನ ಡಿಕ್ಕಿಗೆ, ಲುಂಗಿ ಪರದೆ ಸಮೇತ. ವಾಚ್‌ಮನ್ ಅಣ್ಣ ಏನಂದ್ಕೊಂಡ್ರೋ ಗೊತ್ತಿಲ್ಲ. ಮೂರನೇ ವಾರದಲ್ಲಿ ಮಗ ಪೂರ್ತಿ ಮುಷ್ಕರ ಹೂಡಿದ, ಒಂದು ವಾರ ಮಾತೇ ಎತ್ತದೆ ಬಿಟ್ಟೆ, ಅಕ್ಕ ಕೂರೋದು ನೋಡಿ ತಾನಾಗೇ ಬಂದ. ಒತ್ತಾಯ ಮಾಡಿದ್ರೆ ತಡ್ಕೊಳ್ಳೋದು ಕಲೀತಾರೆ, ತಡ್ಕೊಂಡ್ರೆ ಗಟ್ಟಿಯಾಗುತ್ತೆ, ಗಟ್ಟಿಯಾದ್ರೆ ನೋವು, ನೋವಿಗೆ ಹೆದರಿ ಮತ್ತೆ ತಡ್ಕೋತಾರೆ. ಇದು ಒಂದ್ಸಲ ಶುರುವಾದ್ರೆ ಬಿಡಿಸೋಕೆ ತಿಂಗಳುಗಟ್ಟಲೆ ಬೇಕು. ಈಗ ನಾಲ್ಕು ಜನರ ಮಧ್ಯೆ "ಕಪ್ಪೆ ಬೇಕಾ" ಅಂದ್ರೆ ಸಾಕು, ಯಾರಿಗೂ ಅರ್ಥ ಆಗಲ್ಲ, ಮಗಳಿಗೆ ಮುಜುಗರ ಇಲ್ಲ.

ಎರಡನೇದು ಟೈಮಿಂಗು. ಹೊಟ್ಟೆಗೆ ಊಟ ಬಿದ್ದ ತಕ್ಷಣ ದೊಡ್ಡ ಕರುಳು ಅಲ್ಲಾಡೋಕೆ ಶುರು ಮಾಡುತ್ತೆ, ಬೆಳಿಗ್ಗೆ ಹೊತ್ತು ಇನ್ನೂ ಜಾಸ್ತಿ, ಮಕ್ಕಳಲ್ಲಂತೂ ಹೇಳೋದೇ ಬೇಡ. ನಮ್ಮದು ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಅಲ್ಲಿಂದ ಎದ್ದು ಹೊರಟ್ರೆ ಅರ್ಧ ಮುಕ್ಕಾಲು ಗಂಟೇಲಿ, ಅಂದ್ರೆ ಗುಬ್ಬಿ ಆಸುಪಾಸಿಗೆ, ಒಬ್ಬರದ್ದಾದ್ರೂ ಎರಡಕ್ಕೆ ಬಂದೇ ಬರುತ್ತೆ. ಮೊದಮೊದಲು ತಿಂಡಿ ಆದ ತಕ್ಷಣ ತುಮಕೂರು ಟ್ರಾಫಿಕ್ ತಪ್ಪಿಸೋಣ ಅಂತ ಓಡಿಸ್ತಿದ್ದೆ. ಈಗ ತಿಂಡಿ ಮುಗಿದ್ಮೇಲೂ ಇಪ್ಪತ್ತು ನಿಮಿಷ ಅಲ್ಲೇ ಕಾಫಿ ಕುಡ್ಕೊಂಡು ಮಕ್ಕಳನ್ನ ಆಟ ಆಡಿಸ್ತೀನಿ, ಹೊರಡೋ ಮುಂಚೆ ಇಬ್ಬರನ್ನೂ ಕಪ್ಪೆ ಮೇಲೆ ಐದೈದು ನಿಮಿಷ. ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತೆ. ಮುಂದಿನ ಸ್ಟಾಪು ಕೆ.ಬಿ. ಕ್ರಾಸು (ಕಿಬ್ಬನಹಳ್ಳಿ ಕ್ರಾಸು), ಆಮೇಲೆ ಅರಸೀಕೆರೆ ದಾಟಿ ಬಾಣಾವರ ಹತ್ರ, ಆಮೇಲೆ ತರೀಕೆರೆ. ಬಂದಿದ್ಯಾ ಅಂತ ಕೇಳೋದೇ ಇಲ್ಲ. ಕೇಳಿದ್ರೆ "ಇಲ್ಲ" ಅಂತಾರೆ, ಹತ್ತು ನಿಮಿಷಕ್ಕೆ ಬರುತ್ತೆ. ನಿಂತ್ಕೊಂಡ್ವಿ ಅಂದ್ರೆ ಕೂರ್ಬೇಕು, ಅಷ್ಟೇ.

ದಾರೀಲಿ ನೀರು ಕೊಡ್ಬೇಡಿ ಅನ್ನೋ ಹಿರಿಯರ ಸಲಹೆ ಒಂದಿದೆ. ಒಂದೆರಡು ಟ್ರಿಪ್ ಕೇಳಿದ್ವಿ. ಸುಸ್ಸು ಕಮ್ಮಿ ಆಗ್ಲಿಲ್ಲ, ಗಾಢವಾಗಿ ಉರಿ ಶುರುವಾಯ್ತು, ಊರಿಗೆ ಹೋದ್ಮೇಲೆ ಎರಡು ದಿನ ಹೊಟ್ಟೆ ಕಟ್ಟಿ ಅಳು. ಹೆಂಡ್ತಿ ಫೋನಲ್ಲೇ ಚೆನ್ನಾಗಿ ತರಾಟೆಗೆ ತಗೊಂಡ್ಳು. ಈಗ ನೀರು ಮಾಮೂಲು, ಜ್ಯೂಸ್ ಪ್ಯಾಕೆಟ್ ಮಾತ್ರ ಇಲ್ಲ.

ಪೆಟ್ರೋಲ್ ಬಂಕಲ್ಲಿ ಟಾಯ್ಲೆಟ್ಟು, ಕುಡಿಯೋ ನೀರು, ಗಾಳಿ ಪುಕ್ಕಟೆ ಕೊಡ್ಬೇಕು ಅಂತ ರೂಲ್ಸಿದೆ, ಅದು ನಿಮಗೂ ಗೊತ್ತು, ಬೀಗ ಹಾಕಿರುತ್ತೆ ಅನ್ನೋದೂ ಗೊತ್ತು. ಬಂಕ್ ಹುಡುಗರ ಹತ್ರ ಬೀಗದ ಕೈ ಈಸ್ಕೊಳ್ಳೋಕೆ ನನ್ನ ಹತ್ರ ಒಂದು ಮಾತಿದೆ, ಇದುವರೆಗೆ ಫೇಲ್ ಆಗಿಲ್ಲ, ಎಲ್ಲರೂ ಅದನ್ನೇ ಹೇಳೋಕೆ ಶುರು ಮಾಡಿದ್ರೆ ಕೆಲಸ ಮಾಡಲ್ಲ, ಹಾಗಾಗಿ ಬರೆಯಲ್ಲ. ಸಿಟಿ ಒಳಗಾದ್ರೆ ಕಪ್ಪೆ ಬೇಕಾಗಿಲ್ಲ. ಹೆಂಡ್ತಿ ಹೇಳ್ಕೊಟ್ಟಿದ್ದು: ರಕ್ತ ಪರೀಕ್ಷೆ ಮಾಡೋ ಲ್ಯಾಬ್ ಎಲ್ಲಿದೆ ನೋಡಿ. ಯೂರಿನ್ ಸ್ಯಾಂಪಲ್ ತಗೊಳ್ಳೋ ಜಾಗ, ಟಾಯ್ಲೆಟ್ ಇದ್ದೇ ಇರುತ್ತೆ, ಸಾಮಾನ್ಯವಾಗಿ ಕ್ಲೀನಾಗಿರುತ್ತೆ, ಮಗೂನ ಎತ್ಕೊಂಡು ಬಂದೋರನ್ನ ಯಾರೂ ತಡೆಯಲ್ಲ. ಏರ್‌ಪೋರ್ಟು, ದೊಡ್ಡ ಮಾಲಲ್ಲಿ ಇನ್ನೊಂದು ಕಾಟ, ಸೆನ್ಸರ್ ಫ್ಲಶ್ಶು. ಮಗು ಸಣ್ಣದಿರೋದಕ್ಕೆ ಎದ್ದು ಹೋದ್ರು ಅಂದ್ಕೊಂಡು ಕೂತಿರೋವಾಗ್ಲೇ ಗರ್ ಅಂತ ನೀರು ಬಿಡುತ್ತೆ. ಸೆನ್ಸರ್ ಕಣ್ಣಿಗೆ ಒಂದು ಬ್ಯಾಂಡ್‌ಏಡ್ ಅಂಟಿಸಿ, ಕೆಲಸ ಮುಗಿದ್ಮೇಲೆ ಕೀಳಿ.

ದೇವಸ್ಥಾನದ ಕ್ಯೂಗೆ ಮಾತ್ರ ಸಿದ್ಧಾಂತ ಎಲ್ಲ ಪಕ್ಕಕ್ಕಿಟ್ಟು ಡೈಪರ್ ಪ್ಯಾಂಟ್ ಹಾಕಿಬಿಡ್ತೀನಿ. ಧರ್ಮಸ್ಥಳದಲ್ಲಿ ರಜದ ದಿನ ಸಾಲಲ್ಲಿ ನಿಂತ್ರೆ ಹಿಂದಕ್ಕೆ ಬರೋಕೂ ಆಗಲ್ಲ ಮುಂದಕ್ಕೆ ಹೋಗೋಕೂ ಆಗಲ್ಲ. "ಇಷ್ಟೆಲ್ಲಾ ಕಲಿಸಿ ಮತ್ತೆ ಡೈಪರ್ರಾ" ಅಂತ ಓರಗಿತ್ತಿ ನನ್ನ ಹೆಂಡ್ತೀನ ಕೆಣಕಿದ್ರು. ಅವರ ಮಗನಿಗೆ ಹಾಕಿರ್ಲಿಲ್ಲ. ಮುಂದಿಂದು ನಾನು ಬರೆಯಲ್ಲ, ಅವರೂ ಇದನ್ನ ಓದ್ತಾರೆ.

ಕವರ್ ಎಲ್ಲಿ ಬಿಸಾಕ್ತೀರ ಅಂತ ಕೇಳೋರಿಗೆ: ದಾರೀಲಿ ಅಲ್ಲ. ಎರಡಕ್ಕೆ ಹೋಗಿದ್ದನ್ನ ಸಿಕ್ಕಿದ ಮೊದಲನೇ ಟಾಯ್ಲೆಟ್ಟಿಗೆ ಸುರಿದು, ಪ್ಯಾಡನ್ನ ಪೇಪರಲ್ಲಿ ಸುತ್ತಿ, ಹಳೇ ಪೇಂಟ್ ಬಕೆಟ್ಟಿಗೆ ಮುಚ್ಚಳ ಹಾಕಿ ಮನೆಗೆ ತರ್ತೀನಿ, ಮಾರನೇ ದಿನ ಡೈಪರ್ ಥರದ ಕಸ ಹಾಕೋ ಕೆಂಪು ಡಬ್ಬಕ್ಕೆ. ಆ ಹತ್ತು ಲೀಟರ್ ಬಕೆಟ್ಟು ಪೇಂಟರ್ ಪುಕ್ಕಟೆ ಕೊಟ್ಟಿದ್ದು, ನನ್ನ ಇಡೀ ಸೆಟ್ಟಲ್ಲಿ ಅತ್ಯಂತ ಗಟ್ಟಿ ಸಾಮಾನು ಅದೇ.

ಗ್ರೂಪಿಗೆ ಫೋಟೋ ಹಾಕಿದ್ದ ಭಾವಮೈದನಿಗೆ ಈಗ ಎರಡೂವರೆ ವರ್ಷದ ಮಗಳು. ಹೋದ ತಿಂಗಳು "ಹಂಪಿಗೆ ಹೋಗ್ಬೇಕು, ಎರಡು ದಿನಕ್ಕೆ ಕಪ್ಪೆ ಕೊಡಿ ಭಾವ" ಅಂದ. ಸ್ಪೇರ್ ಕೊಟ್ಟೆ, ಎರಡು ತಿಂಗಳು ಮನೇಲಿ ಕೂರಿಸಿ ಆಮೇಲೆ ಹಂಪಿಗೆ ಹೋಗು ಅಂದೆ, ಪ್ಯಾಡಿಗೆ ಒಂದಕ್ಕೆ ಹತ್ತು ರೂಪಾಯಿ ಹಾಕಿದೀನಿ.