ಸಾಂಬಾದಲ್ಲಿ ಸೆಂಡ್‌ಫೈಲ್: ಎಲ್ಲಿ ಹಾಕಿದೆ, ಎಲ್ಲಿ ಬಿಟ್ಟೆ

ಬೆಂಗಳೂರಿನ ಒಂದು ಸಣ್ಣ ವಿಡಿಯೊ ಎಡಿಟಿಂಗ್ ಸ್ಟುಡಿಯೊದಲ್ಲಿ ಸರ್ವರ್, ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಫೈಲ್ ಸರ್ವರ್ ಅಂದರೆ ಡೆಬಿಯನ್ ಲಿನಕ್ಸ್ ಹಾಕಿದ ಒಂದು ಮಷೀನು, ಅದರಲ್ಲಿ ವಿಂಡೋಸ್‌ನವರಿಗೆ ಫೈಲ್ ಹಂಚುವ ಸಾಫ್ಟ್‌ವೇರ್ ಸಾಂಬಾ. ಫೈಲನ್ನು ನಡುವೆ ಕಾಪಿ ಮಾಡದೆ ಕಳಿಸುವ ಅದರ ಸೆಂಡ್‌ಫೈಲ್ ಆಯ್ಕೆಯ ಕಥೆ ಇದು. ಎಡಿಟರ್‌ಗಳದ್ದೆಲ್ಲ ವಿಂಡೋಸ್. 1 ಗಿಗಾಬಿಟ್ ಇದ್ದಷ್ಟು ಕಾಲ ಯಾರದ್ದೂ ತಕರಾರಿರಲಿಲ್ಲ. ಹೆಡರ್‌ಗಳ ಪಾಲು ಕಳೆದರೆ 1 ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ 117-118 ಎಂಬಿಗಿಂತ ಜಾಸ್ತಿ ಬರುವುದೇ ಇಲ್ಲ, ನಮಗೆ ಅದರ ಹತ್ತಿರ ಹತ್ತಿರ ಸಿಗುತ್ತಿತ್ತು. 10 ಗಿಗಾಬಿಟ್ ಸ್ವಿಚ್ಚು, ಕಾರ್ಡು ಹಾಕಿಸಿದ ಮೇಲೆ ಗಲಾಟೆ ಶುರುವಾಯಿತು. ದುಡ್ಡು ಕೊಟ್ಟಿದ್ದು ಹತ್ತು ಪಟ್ಟು ವೇಗಕ್ಕೆ, ಸಿಕ್ಕಿದ್ದು ಮೂರು ಪಟ್ಟೂ ಇಲ್ಲ. "ಸರ್, ಟೈಮ್‌ಲೈನ್ ಎಳೆದ್ರೆ ನಿಂತೇ ಹೋಗ್ತದೆ, ಹಳೇದೇ ವಾಸಿ ಇತ್ತು" ಅಂತ ಒಬ್ಬ ಹುಡುಗ ಮುಖಕ್ಕೇ ಹೇಳಿದ.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಡಿಸ್ಕ್ ಮೇಲೆ ಅನುಮಾನ ಪಡುತ್ತಾರೆ. ನಾನು ಮೊದಲು ಕೇಬಲ್ ನೋಡಿದೆ. ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸುವಾಗ ಒಂದು ವಿಷಯ ನೆನಪಿರಲಿ. ಸುಮ್ನೆ ಓಡಿಸಿದರೆ ಅದು ಕ್ಲೈಂಟ್‌ನಿಂದ ಸರ್ವರ್ ಕಡೆಗೆ ಕಳಿಸುತ್ತದೆ. ನಮಗೆ ಬೇಕಾದದ್ದು ಸರ್ವರ್ ಕಳಿಸುವ ವೇಗ, ಹಾಗಾಗಿ ರಿವರ್ಸ್ ಆಯ್ಕೆ ಹಾಕಬೇಕು. ಹಾಕಿದೆ, 9.4 ಗಿಗಾಬಿಟ್ ಬಂತು. 1500ರ ಎಂಟಿಯುನಲ್ಲಿ (ಒಂದು ಪ್ಯಾಕೆಟ್ ಎಷ್ಟು ಬೈಟ್ ಹೊರಬಹುದು ಅನ್ನುವ ಮಿತಿ) ಅದಕ್ಕಿಂತ ಹೆಚ್ಚು ಬರಲ್ಲ, ಅಂದರೆ ಕೇಬಲ್, ಕಾರ್ಡು, ಸ್ವಿಚ್ಚು ಸರಿಯಾಗಿವೆ. ಆಮೇಲೆ ಒಂದೇ ಫೈಲನ್ನು ಎರಡು ಸಲ ವಿಂಡೋಸ್‌ಗೆ ಕಾಪಿ ಮಾಡಿದೆ. ಎರಡನೇ ಸಲ ಫೈಲ್ ಪೂರ್ತಿ ಸರ್ವರ್‌ನ ಪೇಜ್ ಕ್ಯಾಷ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲೇ ಇರುತ್ತದೆ. ಆದರೂ ವೇಗ ಅಷ್ಟೇ. ಡಿಸ್ಕ್ ತಪ್ಪಲ್ಲ ಅಂತ ಅಲ್ಲಿಗೆ ಗೊತ್ತಾಯಿತು.

ಉಳಿದದ್ದು ಸಾಂಬಾ ಮತ್ತು ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ನಡುವಿನ ಜಾಗ. ಕಾಪಿ ನಡೆಯುತ್ತಿರುವಾಗಲೇ ಸರ್ವರ್‌ನಲ್ಲಿ, ಕನೆಕ್ಷನ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಆದೇಶವನ್ನು ಟಿ, ಎಂ, ಐ ಮೂರೂ ಆಯ್ಕೆ ಸೇರಿಸಿ ಓಡಿಸಿದೆ. ಆ ಕನೆಕ್ಷನ್‌ನ ಸಾಲಿನಲ್ಲಿ ಎರಡು ಸಂಗತಿ ಕಂಡವು. ಒಂದು, ಟಿಬಿ 131072, ಅಂದರೆ ಕಳಿಸುವ ಬಫರ್ (ಹೊರಡುವ ಡೇಟಾವನ್ನು ಕರ್ನಲ್ ಇಟ್ಟುಕೊಳ್ಳುವ ಜಾಗ) 128 ಕೆಬಿಗೆ ನಿಂತಿದೆ. ಇನ್ನೊಂದು, 'ಸೆಂಡ್‌ಬಫ್ ಲಿಮಿಟೆಡ್' ಅನ್ನುವ ಲೆಕ್ಕ ಏರುತ್ತಾ ಹೋಗುತ್ತಿದೆ. ಕಳಿಸಲು ಡೇಟಾ ಇದೆ, ತೆಗೆದುಕೊಳ್ಳಲು ಆ ಕಡೆಯವನೂ ತಯಾರಿದ್ದಾನೆ, ಬಫರ್‌ನಲ್ಲಿ ಜಾಗ ಇಲ್ಲ ಅಂತ ಕರ್ನಲ್ ತಾನೇ ಹೇಳುತ್ತಿದೆ.

ಸಾಂಬಾದ ಸೆಟ್ಟಿಂಗ್ ಫೈಲ್ ಎಸ್‌ಎಂಬಿ.ಕಾನ್ಫ್ ತೆಗೆದು ನೋಡಿದರೆ, ನನಗಿಂತ ಹಿಂದೆ ಇದ್ದವರು ಹಾಕಿಟ್ಟ ಸಾಕೆಟ್ ಆಪ್ಷನ್ಸ್ ಸಾಲು ಹಾಗೇ ಕೂತಿತ್ತು. ಕಳಿಸುವ ಬಫರ್‌ನ ಎಸ್‌ಒ_ಸೆಂಡ್‌ಬಫ್, ಪಡೆಯುವ ಬಫರ್‌ನ ಎಸ್‌ಒ_ಆರ್‌ಸಿವಿಬಫ್ ಎರಡಕ್ಕೂ 65536. ಈ ಸಾಲು ಇಪ್ಪತ್ತು ವರ್ಷದಿಂದ ಒಂದು ಟ್ಯುಟೋರಿಯಲ್‌ನಿಂದ ಇನ್ನೊಂದಕ್ಕೆ ಕಾಪಿ ಆಗುತ್ತಲೇ ಇದೆ, ಯಾಕೆ ಅಂತ ಯಾರೂ ಕೇಳಲ್ಲ. ಲಿನಕ್ಸ್ ಕರ್ನಲ್ ಕೊಟ್ಟ ಸಂಖ್ಯೆಯನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ, 131072 ಬಂದದ್ದು ಹಾಗೆ. ಆದರೆ ನಾವು ಸಂಖ್ಯೆ ಕೊಟ್ಟ ಕೂಡಲೇ ಬಫರನ್ನು ಬೇಕಾದ ಹಾಗೆ ಹಿಗ್ಗಿಸುವ ತನ್ನ ಕೆಲಸವನ್ನು ಅದು ಬಿಟ್ಟುಬಿಡುತ್ತದೆ. 1 ಗಿಗಾಬಿಟ್‌ನಲ್ಲಿ ಇದು ಯಾಕೆ ಕಾಣಲಿಲ್ಲ? ಪ್ಯಾಕೆಟ್ ಹೋಗಿ ಉತ್ತರ ಬರಲು 0.2 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ 1 ಗಿಗಾಬಿಟ್ ಲೈನ್ ತುಂಬಲು 25 ಕೆಬಿ ಸಾಕು, 10 ಗಿಗಾಬಿಟ್‌ಗೆ 250 ಕೆಬಿ ಬೇಕು. ಹಳೆಯ ಲೈನಿಗೆ ಧಾರಾಳವಾಗಿದ್ದ ಬಫರ್ ಹೊಸದಕ್ಕೆ ಸಾಲಲಿಲ್ಲ. ಸಾಲನ್ನು ಅಳಿಸಿದೆ. ಸಣ್ಣ ಪ್ಯಾಕೆಟ್‌ಗಳನ್ನು ತಡೆದಿಡದೆ ಕಳಿಸುವ ಟಿಸಿಪಿ_ನೋಡಿಲೇ ಹೇಗೂ ಸಾಂಬಾದ ಡೀಫಾಲ್ಟ್, ಅದಕ್ಕೆ ಬೇರೆ ಸಾಲು ಬೇಡ. ವೇಗ ಒಮ್ಮೆಗೇ ದುಪ್ಪಟ್ಟಾಯಿತು.

ಇನ್ನೂ ಲೈನ್ ತುಂಬಿರಲಿಲ್ಲ. ಈಗ ಸಿಪಿಯು ಬಳಕೆ ತೋರಿಸುವ ಟಾಪ್‌ನಲ್ಲಿ ಒಂದು ಎಸ್‌ಎಂಬಿಡಿ (ಸಾಂಬಾದ ಪ್ರೋಸೆಸ್) ಒಂದು ಕೋರನ್ನು ಪೂರ್ತಿ ತಿನ್ನುತ್ತಿತ್ತು, ಬೇರೆ ಕೋರುಗಳು ಆರಾಮಾಗಿದ್ದವು. ಸಾಂಬಾದಲ್ಲಿ ಒಬ್ಬ ಕ್ಲೈಂಟ್‌ಗೆ ಒಂದು ಪ್ರೋಸೆಸ್. ಒಬ್ಬ ಕ್ಲೈಂಟ್‌ಗೆ ಹಲವು ಕನೆಕ್ಷನ್ ಕೊಡುವ ಮಲ್ಟಿಚಾನೆಲ್ ಸಾಂಬಾ 4.15ರಿಂದ ಡೀಫಾಲ್ಟ್ ಆಗಿ ಆನ್ ಇದ್ದರೂ, ಒಬ್ಬ ಕ್ಲೈಂಟ್‌ನ ಎಲ್ಲ ಕನೆಕ್ಷನ್‌ಗಳೂ ಅದೇ ಪ್ರೋಸೆಸ್‌ಗೆ ಬಂದು ಸೇರುತ್ತವೆ. ಸಿಪಿಯು ಯಾವ ಕೆಲಸಕ್ಕೆ ಖರ್ಚಾಗುತ್ತಿದೆ ಅಂತ ತೋರಿಸುವ ಪರ್ಫ್ ಟಾಪ್‌ನಲ್ಲಿ ಮೇಲಿದ್ದದ್ದು ಎರಡೇ ಕೆಲಸ: ಮೆಮೊರಿ ಕಾಪಿ ಮತ್ತು ಗೂಢಲಿಪಿಯ ಲೆಕ್ಕ ಎಇಎಸ್.

ಕಾಪಿ ಯಾಕೆ ಅಂದರೆ, ಮಾಮೂಲಿ ದಾರಿಯಲ್ಲಿ ಡೇಟಾ ಪೇಜ್ ಕ್ಯಾಷ್‌ನಿಂದ ಸಾಂಬಾದ ಬಫರ್‌ಗೆ ಬರುತ್ತದೆ, ಅಲ್ಲಿಂದ ಮತ್ತೆ ಕರ್ನಲ್‌ನ ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ತುದಿ) ಬಫರ್‌ಗೆ ಹೋಗುತ್ತದೆ. ಟ್ಯಾಂಕಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಡ್ರಮ್ಮಿಗೆ. ಮಧ್ಯದ ಬಕೆಟ್ ಯಾಕೆ ಬೇಕು ಅಲ್ವಾ? ಆ ಬಕೆಟ್ ತೆಗೆಯುವುದೇ ಸೆಂಡ್‌ಫೈಲ್ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಕೊಡುವ ಕರೆ), 1999ರ ಲಿನಕ್ಸ್ 2.2ರಿಂದ ಇದೆ. ಪೇಜ್ ಕ್ಯಾಷ್‌ನಲ್ಲಿರುವುದನ್ನು ಕರ್ನಲ್ ನೇರವಾಗಿ ಸಾಕೆಟ್‌ಗೆ ಕೊಡುತ್ತದೆ.

ಯೂಸ್ ಸೆಂಡ್‌ಫೈಲ್ = ಯೆಸ್ ಅಂತ ಹಾಕಿ ರೀಲೋಡ್ ಮಾಡಿದೆ. ಏನೂ ಬದಲಾಗಲಿಲ್ಲ. ಬಹಳ ಜನ ಇಲ್ಲಿಗೇ 'ಸೆಂಡ್‌ಫೈಲ್ ಹಾಕಿದ್ರೂ ಉಪಯೋಗ ಇಲ್ಲ' ಅಂತ ಕೈಬಿಡುತ್ತಾರೆ. ನಾನು ಆ ಎಸ್‌ಎಂಬಿಡಿಗೆ, ಸಿಸ್ಟಮ್ ಕಾಲ್‌ಗಳನ್ನು ಒಂದೊಂದಾಗಿ ತೋರಿಸುವ ಎಸ್‌ಟ್ರೇಸ್ ಹಚ್ಚಿ ನೋಡಿದೆ. ಬರೀ ಮಾಮೂಲಿ ಓದಿನ ಪಿರೀಡ್64, ಸೆಂಡ್‌ಫೈಲ್ ಅನ್ನುವ ಒಂದೇ ಒಂದು ಕಾಲ್ ಇಲ್ಲ. ಕಾರಣ ಸಾಂಬಾದ ಕೋಡ್‌ನಲ್ಲೇ ಇದೆ. ಓದುವ ಕೋರಿಕೆ ಬಂದರೆ ಅದು ಮೊದಲು ಅಸಿಂಕ್ ದಾರಿ (ಓದನ್ನು ಬೇರೆ ಥ್ರೆಡ್‌ಗೆ ಒಪ್ಪಿಸಿ, ತಾನು ಕಾಯದೆ ಮುಂದೆ ಹೋಗುವುದು) ಹಿಡಿಯುತ್ತದೆ, ಅದು ಆಗದಿದ್ದರೆ ಮಾತ್ರ ಸೆಂಡ್‌ಫೈಲ್ ಕಡೆ ತಿರುಗುತ್ತದೆ. ಎಷ್ಟು ಬೈಟ್‌ಗಿಂತ ದೊಡ್ಡ ಓದು ಅಸಿಂಕ್ ಆಗಬೇಕು ಅಂತ ಹೇಳುವ ಎಐಒ ರೀಡ್ ಸೈಜ್‌ನ ಡೀಫಾಲ್ಟ್ ಈಗ 1, ಹಾಗಾಗಿ ಬಹುಮಟ್ಟಿಗೆ ಎಲ್ಲ ಓದೂ ಅಸಿಂಕ್ ಆಗಿಯೇ ಹೋಗುತ್ತದೆ. ಅದನ್ನು 0 ಮಾಡಿದರಷ್ಟೇ ಸೆಂಡ್‌ಫೈಲ್‌ಗೆ ಸರದಿ ಬರುವುದು.

0 ಮಾಡಿದೆ. ಕೆಲವು ಕಂಪ್ಯೂಟರ್‌ಗಳಿಗೆ ಸೆಂಡ್‌ಫೈಲ್ ಶುರುವಾಯಿತು, ಕೆಲವಕ್ಕೆ ಆಗಲಿಲ್ಲ. ಆ ಎಇಎಸ್‌ನ ಗುಟ್ಟು ಇಲ್ಲಿತ್ತು. ಯಾರ್ಯಾರು ಸಾಂಬಾಗೆ ಸೇರಿದ್ದಾರೆ ಅಂತ ತೋರಿಸುವ ಎಸ್‌ಎಂಬಿಸ್ಟೇಟಸ್ ಕೊಟ್ಟರೆ ಸೈನಿಂಗ್ (ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ತೋರಿಸುವ ಸಹಿ) ಅಂತ ಒಂದು ಕಾಲಂ ಬರುತ್ತದೆ. ಕೆಲವರ ಸಾಲಿನಲ್ಲಿ 'ಪಾರ್ಷಿಯಲ್' ಅಂತ ಇತ್ತು, ಕೆಲವರದ್ದರಲ್ಲಿ ಪೂರ್ತಿ ಎಇಎಸ್-128-ಜಿಎಂಎಸಿ. ಪೂರ್ತಿ ಇದ್ದವೆಲ್ಲ ವಿಂಡೋಸ್ 11ರ 24ಎಚ್2 ಹಾಕಿದವು, ಅದರಲ್ಲಿ ಸೈನಿಂಗ್ ಕಡ್ಡಾಯ ಅನ್ನುವುದೇ ಡೀಫಾಲ್ಟ್. ಪ್ರತಿ ಪ್ಯಾಕೆಟ್‌ಗೂ ಸಹಿ ಹಾಕಬೇಕಾದರೆ ಸಾಂಬಾ ಪ್ರತಿ ಬೈಟನ್ನೂ ಮುಟ್ಟಲೇಬೇಕು. ಮುಟ್ಟದೇ ಕಳಿಸುವ ಸೆಂಡ್‌ಫೈಲ್‌ಗೆ ಅಲ್ಲಿ ಜಾಗ ಇಲ್ಲ. ಎನ್‌ಕ್ರಿಪ್ಷನ್ ಇದ್ದರೂ ಇದೇ ಕಥೆ. ಫೈಲಿನ ಕೊನೆ ದಾಟುವ ಓದಿಗೂ ಸಾಂಬಾ ಸೆಂಡ್‌ಫೈಲ್ ಬಳಸಲ್ಲ, ಅದು ಸಣ್ಣ ವಿಷಯ.

ಸೈನಿಂಗ್ ತೆಗೆಯುವುದು ಸುಲಭ, ತೆಗೆಯಬೇಕಾ ಅನ್ನುವುದು ಬೇರೆ ಪ್ರಶ್ನೆ. ವೇಗಕ್ಕಾಗಿ ಇಡೀ ಆಫೀಸಿನ ಸೈನಿಂಗ್ ತೆಗೆಯಿರಿ ಅಂತ ಹೇಳುವವರ ಮಾತು ನಾನಂತೂ ಕೇಳಲ್ಲ. ನಮ್ಮ ಎಡಿಟಿಂಗ್ ಮಷೀನ್‌ಗಳು ಪ್ರತ್ಯೇಕ ಸ್ವಿಚ್‌ನಲ್ಲಿವೆ, ಅಲ್ಲಿ ಇಂಟರ್‌ನೆಟ್ ಇಲ್ಲ, ಹೊರಗಿನವರ ಲ್ಯಾಪ್‌ಟಾಪ್ ಸಿಕ್ಕಿಸಲು ಪೋರ್ಟೂ ಇಲ್ಲ. ಅವುಗಳ ವಿಂಡೋಸ್‌ನಲ್ಲಿ ಮಾತ್ರ ಪವರ್‌ಶೆಲ್‌ನಿಂದ ಕಡ್ಡಾಯವನ್ನು ತೆಗೆದೆ. ಸರ್ವರ್ ಕಡೆ ಏನೂ ಮುಟ್ಟಲಿಲ್ಲ, ಡೀಫಾಲ್ಟ್‌ನಲ್ಲಿ ಸಾಂಬಾ ಕ್ಲೈಂಟ್ ಕೇಳಿದರೆ ಸಹಿ ಹಾಕುತ್ತದೆ, ಇಲ್ಲದಿದ್ದರೆ ಇಲ್ಲ. ಲೆಕ್ಕಪತ್ರದವರ ಕಂಪ್ಯೂಟರ್‌ಗಳು ಮೊದಲಿನ ಹಾಗೇ ಸಹಿ ಮಾಡಿಸಿಕೊಳ್ಳುತ್ತವೆ.

ಈಗ ಎಸ್‌ಟ್ರೇಸ್ ನೋಡಲು ಖುಷಿ. ಮೊದಲು 84 ಬೈಟ್‌ನ ಒಂದು ಸೆಂಡ್, ಅದರ ಜೊತೆ ಎಂಎಸ್‌ಜಿ_ಮೋರ್. ಅದರ ಹಿಂದೆಯೇ ದೊಡ್ಡ ಸೆಂಡ್‌ಫೈಲ್. 84 ಅಂದರೆ ಉದ್ದ ಹೇಳುವ 4 ಬೈಟ್, ಫೈಲ್ ಹಂಚಿಕೆಯ ಪ್ರೋಟೋಕಾಲ್ ಎಸ್‌ಎಂಬಿ2ರ ಹೆಡರ್ 64, ಓದಿನ ಉತ್ತರದ್ದು 16. 'ಇನ್ನೂ ಇದೆ, ತಡಿ' ಅಂತ ಎಂಎಸ್‌ಜಿ_ಮೋರ್ ಹೇಳುವುದರಿಂದ ಆ ಪುಟ್ಟ ಹೆಡರ್ ಒಂಟಿ ಪ್ಯಾಕೆಟ್ ಆಗಿ ಹೊರಡಲ್ಲ. ಹೆಡರ್‌ನಲ್ಲಿ ಇಷ್ಟು ಬೈಟ್ ಕೊಡುತ್ತೇನೆ ಅಂತ ಮಾತು ಕೊಟ್ಟಾಗಿದೆ. ಅಷ್ಟರಲ್ಲಿ ಯಾರೋ ಫೈಲ್ ಮೊಟಕು ಮಾಡಿದರೆ? ಉಳಿದದ್ದಕ್ಕೆ ಸಾಂಬಾ ಸೊನ್ನೆ ತುಂಬಿ ಕಳಿಸುತ್ತದೆ. ಅದಕ್ಕೇ ರೆಂಡರ್ ಇನ್ನೂ ಬರೆಯುತ್ತಿರುವ ಫೋಲ್ಡರ್‌ಗೆ ನಾನು ಸೆಂಡ್‌ಫೈಲ್ ಕೊಡಲಿಲ್ಲ.

ಒಬ್ಬೊಬ್ಬರಿಗೂ ಸಿಪಿಯು ಬಳಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು, ಲೈನ್ ತುಂಬಿತು. ಆದರೆ ಹಳೆಯ ಪ್ರಾಜೆಕ್ಟ್‌ಗಳಿರುವ ಶೇರ್‌ನಿಂದ (ಸಾಂಬಾ ಹಂಚುವ ಫೋಲ್ಡರ್) ಹೊಸ ದೂರು. ಫೋಲ್ಡರ್ ತೆರೆಯಲೂ ತಡ ಆಗ್ತಿದೆ ಅಂತ. ಆ ಶೇರ್ ತಿರುಗುವ ಹಾರ್ಡ್‌ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿದ ರೇಡ್ ಮೇಲಿದೆ. ಅಲ್ಲಿನ ಫೈಲ್ ರ‍್ಯಾಮ್‌ನಲ್ಲಿ ಇರುವುದು ಅಪರೂಪ. ಡೇಟಾ ರ‍್ಯಾಮ್‌ನಲ್ಲಿ ಇಲ್ಲದಿದ್ದರೆ ಸೆಂಡ್‌ಫೈಲ್ ಡಿಸ್ಕ್‌ಗಾಗಿ ಕಾದು ನಿಲ್ಲುತ್ತದೆ, ಅದರ ಜೊತೆ ಆ ಕ್ಲೈಂಟ್‌ನ ಇಡೀ ಎಸ್‌ಎಂಬಿಡಿ ನಿಲ್ಲುತ್ತದೆ. ಹಿಂದೆ ಸಾಲಿನಲ್ಲಿರುವ ಫೋಲ್ಡರ್ ಪಟ್ಟಿಯೂ ಕಾಯಬೇಕು. ಅಸಿಂಕ್ ದಾರಿಯಲ್ಲಿ ಬೇರೆ ಬೇರೆ ಥ್ರೆಡ್‌ಗಳು ಒಟ್ಟಿಗೆ ಓದುತ್ತವೆ, ಮುಖ್ಯ ಪ್ರೋಸೆಸ್‌ಗೆ ಕೈ ಬಿಡುವು ಇರುತ್ತದೆ. ನಿಧಾನದ ಡಿಸ್ಕ್‌ಗೆ ಎರಡು ಕಾಪಿಯ ಖರ್ಚು ಲೆಕ್ಕಕ್ಕೇ ಬರಲ್ಲ.

ಪುಣ್ಯಕ್ಕೆ ಎರಡು ಆಯ್ಕೆಗಳೂ ಶೇರ್ ಮಟ್ಟದವು. ಈಗ ನಡೆಯುತ್ತಿರುವ ಕೆಲಸ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಮೇಲಿದೆ. ಆ ಶೇರ್‌ನ ಕೆಳಗೆ ಸೆಂಡ್‌ಫೈಲ್ ಯೆಸ್, ಎಐಒ ರೀಡ್ ಸೈಜ್ 0. ಹಳೆಯ ಪ್ರಾಜೆಕ್ಟ್‌ಗಳ ಶೇರ್‌ಗೆ ಎರಡೂ ಡೀಫಾಲ್ಟ್. ಅಲ್ಲಿ ಉಪಯೋಗಕ್ಕೆ ಬಂದದ್ದು ಬೇರೆಯೇ: ಆ ರೇಡ್‌ನ ರೀಡ್ ಅಹೆಡ್, ಅಂದರೆ ಕೇಳುವ ಮುಂಚೆಯೇ ಮುಂದಿನದ್ದನ್ನು ಓದಿಡುವ ಅಳತೆ. ಡೀಫಾಲ್ಟ್ 128 ಕೆಬಿ ಉದ್ದದ ವಿಡಿಯೊಗೆ ತೀರಾ ಕಡಿಮೆ, ಅದನ್ನು 4096 ಕೆಬಿಗೆ ಏರಿಸಿದ ಮೇಲೆ ಒಂದು ಹರಿವು ಸಲೀಸಾಗಿ ಓಡುತ್ತದೆ.

ಎಂಟಿಯು 9000 ಮಾಡಿ ನೋಡಿ ಅಂತ ಸ್ನೇಹಿತರೊಬ್ಬರು ಹೇಳಿದ್ದರು. ಲೆಕ್ಕದ ಪ್ರಕಾರ 9.4 ಹೋಗಿ 9.9 ಆಗುತ್ತದೆ, ಪ್ಯಾಕೆಟ್ ಸಂಖ್ಯೆ ಇಳಿದು ಸಿಪಿಯುಗೂ ಸ್ವಲ್ಪ ಹಗುರ. ಆದರೆ ಆ ನೆಟ್‌ವರ್ಕ್‌ನ ಪ್ರತಿ ಕಾರ್ಡು, ಪ್ರತಿ ಪೋರ್ಟಿನಲ್ಲೂ ಅದೇ ಸಂಖ್ಯೆ ಇರಬೇಕು. ಹೊಸ ಮಷೀನ್ ಬಂದಾಗಲೆಲ್ಲ ಅದನ್ನು ನೆನಪಿಡುವವನು ನಾನೊಬ್ಬನೇ, ಹಾಗಾಗಿ 1500ರಲ್ಲೇ ಬಿಟ್ಟಿದ್ದೇನೆ.