ಕರ್ಸರ್ ನೇರ ಕೆಲಸದ ಹೆಸರಿಗೇ ಹೋಗಲಿ

ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್‌ನ ಆರ್ಗ್ ಮೋಡ್‌ನಲ್ಲಿ ದಿನದ ಕೆಲಸಗಳ ಪಟ್ಟಿ ಇಡುತ್ತೀರಾ? ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಶುರು ಮಾಡಿದ ಇದರಲ್ಲಿ ಎಲ್ಲವೂ ಬರೀ ಅಕ್ಷರ. ಒಂದು ಕೆಲಸದ ಸಾಲು ಹೀಗಿರುತ್ತದೆ: ಎರಡು ನಕ್ಷತ್ರ ಚಿಹ್ನೆ (**), ಇನ್ನೂ ಮಾಡಬೇಕಿದೆ ಎನ್ನುವ ‘ಟುಡು’, ಆಮೇಲೆ ‘ಕರೆಂಟ್ ಬಿಲ್ ಕಟ್ಟಬೇಕು’, ಕೊನೆಗೆ ‘ಮನೆ’ ಎಂಬ ಟ್ಯಾಗ್. ‘ಕರೆಂಟ್’ ಅಳಿಸಿ ‘ನೀರಿನ’ ಎಂದು ಬರೆಯಲು ಕಂಟ್ರೋಲ್-ಎ ಒತ್ತಿದರೆ, ಕರ್ಸರ್ ನಕ್ಷತ್ರದ ಹಿಂದೆ ಹೋಗಿ ಕೂರುತ್ತದೆ. ಅಲ್ಲಿಂದ ಬಾಣದ ಕೀ ಒತ್ತುತ್ತಾ ಬರಬೇಕು. (ಬೇರೆ ಕಡೆ ಈ ಕೀ ಎಲ್ಲವನ್ನೂ ಸೆಲೆಕ್ಟ್ ಮಾಡುತ್ತದೆ. ಇಲ್ಲಿ ಸಾಲಿನ ಮೊದಲಿಗೆ ಒಯ್ಯುತ್ತದೆ.)

ಇದನ್ನು ಬದಲಿಸಲು ಮೊದಲು ಯಾವುದಾದರೂ ಆರ್ಗ್ ಫೈಲ್ ತೆರೆಯಿರಿ. ಆಲ್ಟ್-ಎಕ್ಸ್ ಒತ್ತಿ, ‘ಕಸ್ಟಮೈಜ್-ವೇರಿಯಬಲ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಈಗ ‘ಆರ್ಗ್-ಸ್ಪೆಷಲ್’ ಅಂತ ಬರೆದು ಟ್ಯಾಬ್ ಒತ್ತಿದರೆ ಹೆಸರುಗಳು ಕಾಣುತ್ತವೆ. ಕೊನೆಯಲ್ಲಿ ‘ಎ/ಇ’ ಇರುವುದನ್ನು ಆರಿಸಿ.

ತೆರೆದ ಪುಟದಲ್ಲಿ ‘ವ್ಯಾಲ್ಯೂ ಮೆನು’ ಇರುತ್ತದೆ. ‘ಆನ್’ ಎಂದರೆ ಕಂಟ್ರೋಲ್-ಎ ಮೊದಲ ಸಲ ಕೆಲಸದ ಹೆಸರಿಗೆ, ಮತ್ತೆ ಒತ್ತಿದರೆ ಸಾಲಿನ ಮೊದಲಿಗೆ ಹೋಗುತ್ತದೆ. ಸಾಲಿನ ಕೊನೆಗೆ ಒಯ್ಯುವ ಕಂಟ್ರೋಲ್-ಇ ಮೊದಲ ಸಲ ಟ್ಯಾಗ್‌ಗಿಂತ ಮುಂಚೆಯೇ ನಿಲ್ಲುತ್ತದೆ. ‘ರಿವರ್ಸ್ಡ್’ ಎಂದರೆ ಇದರ ತಿರುಗುಮುರುಗು. ‘ಅಪ್ಲೈ ಆ್ಯಂಡ್ ಸೇವ್’ ಒತ್ತುವುದನ್ನು ಮರೆಯಬೇಡಿ.

ಬರೀ ಹೆಸರು ತಿದ್ದುವವರಿಗೆ ‘ಆನ್’ ಸಾಕು. ಆದರೆ ಪಟ್ಟಿ ಉದ್ದವಾದ ಮೇಲೆ ಅದರಲ್ಲಿ ಓಡಾಡುವ ಕೆಲಸವೇ ಜಾಸ್ತಿ, ಅಲ್ವಾ? ಅದಕ್ಕೆ ‘ಆರ್ಗ್-ಯೂಸ್-ಸ್ಪೀಡ್-ಕಮಾಂಡ್ಸ್’ ಎಂಬ ಇನ್ನೊಂದು ಸೆಟ್ಟಿಂಗ್ ಇದೆ. ಅದನ್ನೂ ಇದೇ ರೀತಿ ಆನ್ ಮಾಡಿ. ಕರ್ಸರ್ ಮೊದಲ ನಕ್ಷತ್ರದ ಮೇಲಿದ್ದಾಗ ‘ಎನ್’ ಒತ್ತಿದರೆ ಮುಂದಿನ ಶೀರ್ಷಿಕೆ, ‘ಪಿ’ ಒತ್ತಿದರೆ ಹಿಂದಿನದು, ‘ಯು’ ಒತ್ತಿದರೆ ಮೇಲಿನ ಹಂತದ್ದು. ‘ಟಿ’ ಒತ್ತಿದರೆ ‘ಟುಡು’ ಬದಲಾಗುತ್ತದೆ. ಕಂಟ್ರೋಲ್ ಹಿಡಿಯುವ ಗೋಜೇ ಇಲ್ಲ.

ಇಲ್ಲೊಂದು ಸಣ್ಣ ಜಗಳವಿದೆ. ಸ್ಪೀಡ್ ಕೀಗಳಿಗೆ ಕರ್ಸರ್ ನಕ್ಷತ್ರದ ಹತ್ತಿರ ಬೇಕು, ‘ಆನ್’ ಅದನ್ನು ಹೆಸರಿನ ಕಡೆ ಎಳೆಯುತ್ತದೆ. ಪ್ರತಿ ಸಲ ಎರಡೆರಡು ಬಾರಿ ಒತ್ತುವುದು ಬೇಜಾರು. ನನಗೆ ಒಗ್ಗಿದ್ದು ಹೀಗೆ: ಅದೇ ಮೆನುವಿನಲ್ಲಿ ಎ, ಇ ಎರಡನ್ನೂ ಬೇರೆ ಬೇರೆ ಇಡುವ ಆಯ್ಕೆ ಹಿಡಿದು, ‘ಎ’ಗೆ ರಿವರ್ಸ್ಡ್, ‘ಇ’ಗೆ ಆನ್ ಕೊಡಿ. ಆಗ ಒಂದೇ ಒತ್ತಿಗೆ ನಕ್ಷತ್ರ, ಇನ್ನೊಂದು ಒತ್ತಿಗೆ ಹೆಸರು.

ಯಾವ ಕೀ ಏನು ಮಾಡುತ್ತದೆ ಎಂಬುದು ಮರೆತರೆ, ನಕ್ಷತ್ರದ ಮೇಲೆ ನಿಂತು ಪ್ರಶ್ನಾರ್ಥಕ ಚಿಹ್ನೆ ಒತ್ತಿ. ಪೂರ್ತಿ ಪಟ್ಟಿ ತೆರೆದುಕೊಳ್ಳುತ್ತದೆ.